ಕೆಂಪು ಚೇಳಿನ ನಂಜು, ಮುಚ್ಚಿಹೋದ ಕಡತ

1986ರ ಮೇ ತಿಂಗಳು. ಬಯಲುಸೀಮೆಯ ಉಪವಿಭಾಗವೊಂದಕ್ಕೆ ಸಹಾಯಕ ಆಯುಕ್ತನಾಗಿ ಬಂದು ನನಗೆ ಇನ್ನೂ ವರ್ಷ ತುಂಬಿರಲಿಲ್ಲ. ಬರಗಾಲದ ಕಾಮಗಾರಿಯಾಗಿ ಹಳೆಯ ಕೆರೆಯೊಂದರ ಏರಿಯನ್ನು ಬಲಪಡಿಸುವ ಕೆಲಸ ನಡೆದಿತ್ತು. ತಪಾಸಣೆಗೆಂದು ಹೋದ ದಿನ, ಅಲ್ಲಿ ಕಲ್ಲು ಹೊರುತ್ತಿದ್ದ ಹೆಣ್ಣುಮಗಳೊಬ್ಬಳ ಏಳೆಂಟು ವರ್ಷದ ಮಗ ಆಟಕ್ಕೆಂದು ಕಲ್ಲೊಂದನ್ನು ಮಗುಚಿದ. ಅಡಿಯಲ್ಲಿದ್ದ ಕೆಂಪು ಚೇಳು ಅವನ ಬೆರಳಿಗೆ ಕುಟುಕಿತು. ಕರಿ ಚೇಳಿಗೆ ಅಷ್ಟಾಗಿ ಅಂಜದ ಜನ ಕೆಂಪು ಚೇಳು ಎಂದೊಡನೆ ಬೆಚ್ಚಿಬಿದ್ದುದನ್ನು ಅಂದು ಮೊದಲ ಬಾರಿಗೆ ಕಂಡೆ.

ಹುಡುಗನನ್ನು ನನ್ನ ಜೀಪಿನಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದೆವು. ದಾರಿಯುದ್ದಕ್ಕೂ ಮೈ ಬೆವರುತ್ತಿತ್ತು. ಕೈಕಾಲು ಮಾತ್ರ ಆ ಬೇಸಿಗೆಯಲ್ಲೂ ತಣ್ಣಗಾಗಿದ್ದವು. ಸಂಜೆಯ ಹೊತ್ತಿಗೆ ಉಸಿರಾಟ ಕಷ್ಟವಾಯಿತು, ಬಾಯಲ್ಲಿ ನಸುಗೆಂಪು ನೊರೆ ಬಂತು. “ಎದೆಯೊಳಗೆ ನೀರು ತುಂಬಿಕೊಳ್ತಾ ಇದೆ ಸರ್, ನನ್ನ ಹತ್ತಿರ ಇದಕ್ಕೆ ಔಷಧ ಇಲ್ಲ” ಎಂದರು ಅಲ್ಲಿನ ತರುಣ ವೈದ್ಯರು. ಬೆಳಗಾಗುವ ಮೊದಲೇ ಹುಡುಗ ತೀರಿಕೊಂಡ. ತಾಯಿಗೆ ಸಣ್ಣ ಮೊತ್ತದ ಪರಿಹಾರ ಮಂಜೂರು ಮಾಡುವ ಆದೇಶಕ್ಕೆ ಸಹಿ ಹಾಕಿದ್ದು ಬಿಟ್ಟರೆ ನಾನು ಮಾಡಿದ್ದೇನೂ ಇಲ್ಲ.

ಆ ವೈದ್ಯರ ಬಳಿ ಔಷಧವಿರಲಿಲ್ಲವೆಂಬುದು ನಿಜ. ಆದರೆ ಔಷಧವೇ ಇರಲಿಲ್ಲವೆಂಬುದು ನಿಜವಲ್ಲ. ಅದೇ 1986ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪುಟ್ಟ ಬರಹವೊಂದು ಪ್ರಕಟವಾಗಿತ್ತು. ಬರೆದವರು ಮಹಾರಾಷ್ಟ್ರದ ರಾಯಗಢ ಜಿಲ್ಲೆಯ ಮಹಾಡ್ ಎಂಬ ಸಣ್ಣ ಊರಿನ ವೈದ್ಯ ದಂಪತಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಮತ್ತು ಡಾ. ಪ್ರಮೋದಿನಿ ಬಾವಸ್ಕರ್. ಕೆಂಪು ಚೇಳಿನ ಕುಟುಕಿಗೆ ಒಳಗಾದವರ ಹಾಸಿಗೆಯ ಪಕ್ಕದಲ್ಲಿ ರಾತ್ರಿಯಿಡೀ ಕುಳಿತು ನಾಡಿ, ರಕ್ತದೊತ್ತಡಗಳನ್ನು ಗುರುತು ಹಾಕಿಕೊಂಡ ಬಾವಸ್ಕರ್ ಅವರಿಗೆ ಒಂದು ವಿಷಯ ಹೊಳೆದಿತ್ತು. ಚೇಳಿನ ನಂಜು ದೇಹದಲ್ಲಿ ಅಡ್ರಿನಲಿನ್ ಜಾತಿಯ ರಸಗಳ ಬಿರುಗಾಳಿಯನ್ನೇ ಎಬ್ಬಿಸುತ್ತದೆ. ರಕ್ತನಾಳಗಳು ಒಮ್ಮೆಲೇ ಬಿಗಿದುಕೊಳ್ಳುತ್ತವೆ, ಆ ಬಿಗಿತದ ವಿರುದ್ಧ ರಕ್ತವನ್ನು ನೂಕಿ ನೂಕಿ ಹೃದಯ ಸೋಲುತ್ತದೆ, ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ. ಹಾಗಾದರೆ ಬಿಗಿದ ನಾಳವನ್ನು ಸಡಿಲಿಸಬೇಕು. ಅದಕ್ಕಾಗಿ ರಕ್ತದೊತ್ತಡದ ಚಿಕಿತ್ಸೆಗೆ ಆಗಲೇ ಬಳಕೆಯಲ್ಲಿದ್ದ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆಯನ್ನು ಅವರು ಕೊಟ್ಟು ನೋಡಿದರು. ತೀವ್ರವಾಗಿ ಕುಟುಕಿಸಿಕೊಂಡವರಲ್ಲಿ ಭಯಾನಕವಾಗಿದ್ದ ಸಾವಿನ ಪ್ರಮಾಣ ಅವರ ಆಸ್ಪತ್ರೆಯಲ್ಲಿ ನೂರಕ್ಕೆ ಕೆಲವೇ ಮಂದಿಗೆ ಇಳಿಯಿತು. ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿದ್ದು 2022ರಲ್ಲಿ.

ಈ ಸಂಗತಿ ನನಗೆ ತಿಳಿದದ್ದು ಬಹಳ ತಡವಾಗಿ, ನನ್ನದೇ ರಕ್ತದೊತ್ತಡದ ದೆಸೆಯಿಂದ. ನಿವೃತ್ತಿಯ ನಂತರ ದಿನಕ್ಕೊಂದು ಅಮ್ಲೋಡಿಪಿನ್ ಮಾತ್ರೆ ನುಂಗುವುದು ಅಭ್ಯಾಸವಾಗಿದೆ. ಈ ಮಾತ್ರೆ ದೇಹದಲ್ಲಿ ಏನು ಮಾಡುತ್ತದೆ ಎಂದು ಪರಿಚಿತ ವೈದ್ಯರನ್ನು ಕೇಳಿದ್ದಕ್ಕೆ ಅವರು ಕೊಟ್ಟ ಪುಸ್ತಕಗಳನ್ನು ಓದುತ್ತಾ ಹೋದೆ. ಆ ಓದು ನನ್ನನ್ನು ನಾನು ಮರೆತಿದ್ದ ಎರಡು ಸ್ಥಳಗಳಿಗೆ ಮರಳಿ ಕರೆದೊಯ್ದಿತು: ಒಂದು, ಆ ಕೆರೆಯ ಏರಿ, ಇನ್ನೊಂದು, ನಾನೇ ಮುಚ್ಚಿದ ಕಡತ. ಎರಡನ್ನೂ ಜೋಡಿಸುವುದು ಜೀವಕೋಶದ ಪೊರೆಯಲ್ಲಿರುವ, ಕಣ್ಣಿಗೆ ಕಾಣದ ಒಂದು ರಂಧ್ರ.

ಶಾಲೆಯ ವಿಜ್ಞಾನದಲ್ಲಿ ಐಚ್ಛಿಕ ಮತ್ತು ಅನೈಚ್ಛಿಕ ಸ್ನಾಯುಗಳ ಬಗ್ಗೆ ಓದಿದ್ದು ಓದುಗರಿಗೆ ನೆನಪಿರಬಹುದು. ನಮ್ಮ ಇಚ್ಛೆಯ ಅಂಕೆಗೆ ಸಿಗದ, ಸೂಕ್ಷ್ಮದರ್ಶಕದಲ್ಲಿ ಪಟ್ಟೆಗಳಿಲ್ಲದೆ ನಯವಾಗಿ ಕಾಣುವ ಸ್ನಾಯುಗಳಿಗೆ ನಯ ಸ್ನಾಯು ಎಂದು ಹೆಸರು. ರಕ್ತನಾಳ, ಶ್ವಾಸನಾಳ, ಕರುಳು, ಮೂತ್ರಕೋಶ, ಗರ್ಭಕೋಶ ಎಲ್ಲದರ ಗೋಡೆಯಲ್ಲೂ ಇವು ಇವೆ. ನಾವು ಮಲಗಿದ್ದಾಗಲೂ ಇವು ದುಡಿಯುತ್ತಿರುತ್ತವೆ. ಸಣ್ಣ ಅಪಧಮನಿಗಳ ಸುತ್ತ ಉಂಗುರದಂತೆ ಸುತ್ತಿಕೊಂಡಿರುವ ನಯ ಸ್ನಾಯು ಎಷ್ಟು ಬಿಗಿಯಾಗಿದೆ ಎಂಬುದರ ಮೇಲೆ ರಕ್ತದೊತ್ತಡ ನಿಂತಿದೆ. ಲೆಕ್ಕ ಇಷ್ಟಪಡುವವರಿಗೆ ಒಂದು ಮಾತು: ನಾಳದ ಒಳವ್ಯಾಸ ಶೇ 10ರಷ್ಟು ಕಿರಿದಾದರೆ ರಕ್ತದ ಹರಿವಿಗೆ ಎದುರಾಗುವ ಪ್ರತಿರೋಧ ಶೇ 50ಕ್ಕಿಂತ ಹೆಚ್ಚಾಗುತ್ತದೆ. ನಾಳದ ವ್ಯಾಸಕ್ಕೂ ಪ್ರತಿರೋಧಕ್ಕೂ ಇರುವ ಸಂಬಂಧ ನಾಲ್ಕನೆಯ ಘಾತದ್ದು.

ಸ್ನಾಯುವನ್ನು ಬಿಗಿಗೊಳಿಸುವುದು ಕ್ಯಾಲ್ಸಿಯಂ. ಹೊರಗಿನಿಂದ ಜೀವಕೋಶದೊಳಕ್ಕೆ ಕ್ಯಾಲ್ಸಿಯಂ ಬರಲು ಪೊರೆಯಲ್ಲಿ ಬಾಗಿಲುಗಳಿವೆ. ಆ ಬಾಗಿಲುಗಳು ತೆರೆಯುವುದು ಮುಚ್ಚುವುದು ಪೊರೆಯ ಎರಡು ಬದಿಗಳ ನಡುವಿನ ವಿದ್ಯುತ್ ವ್ಯತ್ಯಾಸವನ್ನು ಅವಲಂಬಿಸಿದೆ. ಅಪಧಮನಿಯ ನಯ ಸ್ನಾಯುವಿನಲ್ಲಿ ಜೀವಕೋಶದ ಒಳಭಾಗ ಹೊರಗಿಗಿಂತ ಸುಮಾರು 40ರಿಂದ 60 ಮಿಲಿವೋಲ್ಟ್‌ನಷ್ಟು ಋಣಾತ್ಮಕ. ಈ ಅಂಕಿ ನಾಲ್ಕಾರು ಮಿಲಿವೋಲ್ಟ್ ಅತ್ತಿತ್ತ ಆದರೂ ಸಾಕು, ನಾಳ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಅದನ್ನು ಹದದಲ್ಲಿಡುವ ಕೆಲಸ ಪೊಟ್ಯಾಸಿಯಂ ಅಯಾನುಗಳದ್ದು. ಜೀವಕೋಶದೊಳಗಿನ ಪೊಟ್ಯಾಸಿಯಂ ಸಾಂದ್ರತೆ ಹೊರಗಿನದಕ್ಕಿಂತ ಸುಮಾರು 30 ಪಟ್ಟು ಹೆಚ್ಚು. ಪೊಟ್ಯಾಸಿಯಂಗೆಂದೇ ಮೀಸಲಾದ ಕಾಲುವೆ ತೆರೆದರೆ ಅದು ಹೊರಕ್ಕೆ ಹರಿಯುತ್ತದೆ, ಒಳಭಾಗ ಮತ್ತಷ್ಟು ಋಣಾತ್ಮಕವಾಗುತ್ತದೆ, ಕ್ಯಾಲ್ಸಿಯಂ ಬಾಗಿಲು ಮುಚ್ಚುತ್ತದೆ, ಸ್ನಾಯು ಸಡಿಲವಾಗುತ್ತದೆ. ನಾನು ನುಂಗುವ ಮಾತ್ರೆ ಕ್ಯಾಲ್ಸಿಯಂ ಬಾಗಿಲನ್ನು ನೇರವಾಗಿ ಮುಚ್ಚುವಂಥದ್ದು. ದೇಹ ತಾನಾಗಿಯೇ ಇದನ್ನು ಸಾಧಿಸುವ ಬಗೆ ಪೊಟ್ಯಾಸಿಯಂ ಕಾಲುವೆ.

ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿದವನಿಗೆ ಇದನ್ನು ಓದುವಾಗ ಕೆರೆಯೇ ನೆನಪಾಗುತ್ತದೆ. ಕೆರೆಗೆ ತೂಬು ಇರುತ್ತದೆ, ಅದನ್ನು ಬೇಕಾದಾಗ ಎತ್ತಿ ಇಳಿಸಲು ನೀರುಗಂಟಿ ಇರುತ್ತಾನೆ. ಅದಲ್ಲದೆ ಕೋಡಿ ಎಂಬುದೊಂದಿದೆ. ನೀರು ಮಟ್ಟ ಮೀರಿದರೆ ಯಾರ ಅಪ್ಪಣೆಗೂ ಕಾಯದೆ ಕೋಡಿ ಹರಿದು ಏರಿಯನ್ನು ಉಳಿಸುತ್ತದೆ. ರಕ್ತನಾಳದ ನಯ ಸ್ನಾಯುವಿನಲ್ಲಿ ಪೊಟ್ಯಾಸಿಯಂ ಕಾಲುವೆಗಳ ನಾಲ್ಕು ಮುಖ್ಯ ಬಗೆಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಅವುಗಳಲ್ಲಿ ಎರಡು ಈ ಲೇಖನಕ್ಕೆ ಬೇಕಾದವು. ಜೀವಕೋಶದ ಶಕ್ತಿಯ ಸ್ಥಿತಿಗೆ ಸ್ಪಂದಿಸುವ ‘ಎಟಿಪಿ’ ಕಾಲುವೆಯನ್ನು ತೂಬಿಗೆ ಹೋಲಿಸಬಹುದು. ಎರಡನೆಯದು ‘ಬಿಕೆ’ ಕಾಲುವೆ. ‘ಬಿ’ ಎಂದರೆ ಬಿಗ್. ಅಷ್ಟು ಧಾರಾಳವಾಗಿ ಪೊಟ್ಯಾಸಿಯಂ ಹರಿಯಬಿಡುವ ಕಾಲುವೆ ಅದು. ಒಳಗೆ ಕ್ಯಾಲ್ಸಿಯಂ ಏರಿದಾಗ, ಪೊರೆಯ ವಿದ್ಯುತ್ ವ್ಯತ್ಯಾಸ ಕುಸಿದಾಗ, ಅಂದರೆ ಸ್ನಾಯು ಅತಿಯಾಗಿ ಬಿಗಿಯತೊಡಗಿದಾಗ, ಇದು ತಾನಾಗಿ ತೆರೆದುಕೊಳ್ಳುತ್ತದೆ. ಇದೇ ಕೋಡಿ.

ಕೋಡಿಗೆ ಯಾರಾದರೂ ಕಲ್ಲುಮಣ್ಣು ತುಂಬಿದರೆ? ಕೆಂಪು ಚೇಳಿನ ನಂಜಿನಲ್ಲಿರುವ ಒಂದು ಅಂಶ ಮಾಡುವುದು ಅದನ್ನೇ. 1990ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಮರ್ಕ್ ಔಷಧ ಕಂಪನಿಯ ಸಂಶೋಧಕರು ನಮ್ಮ ಕೆಂಪು ಚೇಳಿನ ನಂಜಿನಿಂದ 37 ಅಮೈನೊ ಆಮ್ಲಗಳ ಪುಟ್ಟ ಪ್ರೊಟೀನೊಂದನ್ನು ಬೇರ್ಪಡಿಸಿದರು. ಅದಕ್ಕೆ ಇಬೇರಿಯೊಟಾಕ್ಸಿನ್ ಎಂದು ಹೆಸರಿಟ್ಟರು. ದನದ ಮಹಾಪಧಮನಿಯಿಂದ ತೆಗೆದ ನಯ ಸ್ನಾಯುವಿನ ಮೇಲೆ ಪರೀಕ್ಷಿಸಿದಾಗ ಅದು ಬಿಕೆ ಕಾಲುವೆಯ ಬಾಯಿಗೆ ಬಿರಡೆಯಂತೆ ಕೂರುವುದು ತಿಳಿಯಿತು. ಇತರ ಕಾಲುವೆಗಳ ತಂಟೆಗೆ ಹೋಗದೆ ಇದೊಂದನ್ನೇ ಹುಡುಕಿ ಮುಚ್ಚುವುದು ಅದರ ವಿಶೇಷ. ಹಾಗೆಂದು ಆ ಹುಡುಗ ಸತ್ತದ್ದು ಈ ಪ್ರೊಟೀನಿನಿಂದಲೇ ಎಂದು ಹೇಳಲಾಗದು. ಅಡ್ರಿನಲಿನ್ ಬಿರುಗಾಳಿಗೆ ಮುಖ್ಯ ಕಾರಣ ನಂಜಿನಲ್ಲಿರುವ, ನರಗಳ ಸೋಡಿಯಂ ಕಾಲುವೆಗಳನ್ನು ಕೆಣಕುವ ಬೇರೆ ಅಂಶಗಳು. ಮಳೆ ಸುರಿಸುವುದು ಅವು. ಕೋಡಿ ಕಟ್ಟುವುದು ಇದು.

ಒಂದು ಕಾಲುವೆಯನ್ನಷ್ಟೇ ಮುಚ್ಚುವ ಪದಾರ್ಥ ಸಂಶೋಧಕರಿಗೆ ಏಕೆ ಅಷ್ಟು ಅಮೂಲ್ಯ ಎಂಬುದು ಮೇಲ್ನೋಟಕ್ಕೆ ಅರ್ಥವಾಗುವುದಿಲ್ಲ. ಹತ್ತಾರು ಕಾಲುವೆಗಳು ಒಟ್ಟಿಗೇ ಕೆಲಸ ಮಾಡುತ್ತಿರುವಾಗ ಯಾವುದರ ಪಾಲು ಎಷ್ಟು ಎಂದು ತಿಳಿಯಬೇಕಾದರೆ ಒಂದನ್ನು ನಿಲ್ಲಿಸಿ ನೋಡಬೇಕು. ಜರ್ಮನಿಯ ಎರ್ವಿನ್ ನೆಹರ್ ಮತ್ತು ಬರ್ಟ್ ಸಾಕ್‌ಮನ್ 1976ರಲ್ಲಿ ಸೂಕ್ಷ್ಮ ಗಾಜಿನ ಕೊಳವೆಯಿಂದ ಪೊರೆಯ ಒಂದು ಚೂರನ್ನಷ್ಟೇ ಹಿಡಿದು ಒಂದೇ ಕಾಲುವೆಯ ವಿದ್ಯುತ್ತನ್ನು ಅಳೆಯುವ ವಿಧಾನ ಕಂಡುಹಿಡಿದಿದ್ದರು. 1991ರ ನೊಬೆಲ್ ಪ್ರಶಸ್ತಿ ಅದಕ್ಕೇ ಬಂತು. ಅಳೆಯುವ ಸಾಧನ ಅದಾದರೆ, ನಿಲ್ಲಿಸುವ ಸಾಧನ ಚೇಳು ಕೊಟ್ಟಿತು.

ಈ ಎರಡು ಸಾಧನಗಳಿಂದ ತೆರೆದುಕೊಂಡ ಸಂಗತಿಗಳಲ್ಲಿ ನನಗೆ ಅತ್ಯಂತ ಸೋಜಿಗವೆನಿಸಿದ್ದು ಒಂದು. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಮಾರ್ಕ್ ನೆಲ್ಸನ್ ಮತ್ತು ಸಂಗಡಿಗರು 1995ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆ ಅದು. ಕ್ಯಾಲ್ಸಿಯಂ ಸ್ನಾಯುವನ್ನು ಬಿಗಿಗೊಳಿಸುತ್ತದೆ ಎಂದು ಮೇಲೆ ಹೇಳಿದೆ. ಆದರೆ ಅಪಧಮನಿಯ ನಯ ಸ್ನಾಯುವಿನೊಳಗೆ, ಪೊರೆಗೆ ಅಂಟಿದಂತಿರುವ ಒಳಉಗ್ರಾಣದಿಂದ ಕ್ಯಾಲ್ಸಿಯಂ ಆಗಾಗ ಕಿಡಿಯಂತೆ ಸಿಡಿಯುತ್ತದೆ. ಒಂದು ಕಿಡಿ ಕ್ಷಣಾರ್ಧವೂ ಬಾಳುವುದಿಲ್ಲ. ಜೀವಕೋಶದ ಅತ್ಯಲ್ಪ ಭಾಗವನ್ನಷ್ಟೇ ತಲುಪುತ್ತದೆ. ಬಿಗಿಗೊಳಿಸುವ ಯಂತ್ರಾಂಶವನ್ನು ಮುಟ್ಟುವಷ್ಟು ಅದು ಹರಡುವುದಿಲ್ಲ. ಆದರೆ ಪಕ್ಕದಲ್ಲೇ ಇರುವ ಬಿಕೆ ಕಾಲುವೆಗಳ ಗುಂಪನ್ನು ತೆರೆಯಲು ಅಷ್ಟು ಸಾಕು. ಪೊಟ್ಯಾಸಿಯಂ ಹೊರಹರಿಯುತ್ತದೆ, ಸ್ನಾಯು ಸಡಿಲವಾಗುತ್ತದೆ. ಒಂದೇ ಪದಾರ್ಥ ಎಲ್ಲೆಡೆ ಹರಡಿದಾಗ ಬಿಗಿತಕ್ಕೂ, ಒಂದು ಮೂಲೆಯಲ್ಲಿ ಕಿಡಿಯಾದಾಗ ಸಡಿಲಿಕೆಗೂ ಕಾರಣ! ಆಡಳಿತದಲ್ಲಿ ದುಡಿದವರಿಗೆ ಇದು ಪೂರ್ತಿ ಅಪರಿಚಿತವೇನಲ್ಲ. ಒಂದೇ ಸುತ್ತೋಲೆ ರಾಜಧಾನಿಯಲ್ಲೊಂದು, ತಾಲ್ಲೂಕಿನಲ್ಲೊಂದು ಪರಿಣಾಮ ಬೀರುವುದನ್ನು ನೋಡಿದ್ದೇವೆ.

ಮುಂದಿನ ಹೆಜ್ಜೆಗಳು ಬೇಗ ಬಂದವು. ಬಿಕೆ ಕಾಲುವೆಗೆ ಕ್ಯಾಲ್ಸಿಯಂನ ಸುಳಿವು ಹತ್ತುವಂತೆ ಮಾಡುವ ಸಹಾಯಕ ಭಾಗವೊಂದಿದೆ. ಅದಿಲ್ಲದಂತೆ ವಂಶವಾಹಿಯಲ್ಲಿ ಮಾರ್ಪಾಡು ಮಾಡಿದ ಇಲಿಗಳಿಗೆ ರಕ್ತದೊತ್ತಡ ಏರುವುದು 2000ದಲ್ಲಿ ಕಂಡುಬಂತು. 2004ರಲ್ಲಿ ಸ್ಪೇನ್ ದೇಶದ ಜನರ ನಡುವೆ ನಡೆದ ಅಧ್ಯಯನವೊಂದು ಇದಕ್ಕೆ ಮನುಷ್ಯರ ಸಾಕ್ಷ್ಯವನ್ನು ಒದಗಿಸಿತು: ಆ ಸಹಾಯಕ ಭಾಗದಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾಗಿ, ಕಾಲುವೆ ಹೆಚ್ಚು ಚುರುಕಾಗಿದ್ದವರಲ್ಲಿ ತೀವ್ರ ರಕ್ತದೊತ್ತಡ ಕಡಿಮೆ. ಕೋಡಿ ಅಗಲವಾಗಿದ್ದ ಕೆರೆಗಳು ಒಡೆಯಲಿಲ್ಲ ಎಂದಂತೆ.

ಇಷ್ಟೆಲ್ಲ ತಿಳಿದ ಮೇಲೆ ಔಷಧ ಬಂದಿರಬೇಕಲ್ಲವೇ ಎಂದು ಓದುಗರು ಕೇಳಬಹುದು. ಪ್ರಾಮಾಣಿಕ ಉತ್ತರವೆಂದರೆ, ನಿರೀಕ್ಷಿಸಿದಂತೆ ಬರಲಿಲ್ಲ. ತೂಬಿನ ಕಡೆಯಿಂದ, ಅಂದರೆ ಎಟಿಪಿ ಕಾಲುವೆಯ ಕಡೆಯಿಂದ ನೋಡಿದರೆ ಕಥೆಯೇ ತಲೆಕೆಳಗು. ಅಲ್ಲಿ ಔಷಧ ಮೊದಲು ಬಂತು, ತಿಳಿವಳಿಕೆ ಆಮೇಲೆ. ಅಮೆರಿಕದಲ್ಲಿ 1979ರಲ್ಲಿ ರಕ್ತದೊತ್ತಡಕ್ಕೆಂದು ಮಾರುಕಟ್ಟೆಗೆ ಬಂದ ಮಿನಾಕ್ಸಿಡಿಲ್ ನಾಳಗಳನ್ನು ಹೇಗೆ ಸಡಿಲಿಸುತ್ತದೆ ಎಂಬುದು ಆಗ ತಿಳಿದಿರಲಿಲ್ಲ. ಇಂಥ ಔಷಧಗಳು ಅಪಧಮನಿಯ ನಯ ಸ್ನಾಯುವಿನಲ್ಲಿ ಎಟಿಪಿ ಕಾಲುವೆಯನ್ನು ತೆರೆಯುತ್ತವೆ ಎಂದು ಗೊತ್ತಾದದ್ದು 1989ರ ಹೊತ್ತಿಗೆ. ಅಷ್ಟರಲ್ಲಿ ಅದನ್ನು ನುಂಗಿದವರಿಗೆ ಮೈಮೇಲೆ ಕೂದಲು ಬೆಳೆಯುವುದನ್ನು ಕಂಡ ಕಂಪನಿ 1988ರಿಂದಲೇ ಅದನ್ನು ಬೊಕ್ಕತಲೆಗೆ ಹಚ್ಚುವ ದ್ರಾವಣವಾಗಿ ಮಾರತೊಡಗಿತ್ತು. ಇಂದು ನಮ್ಮ ಔಷಧದಂಗಡಿಗಳಲ್ಲಿ ಯುವಕರು ಕೊಳ್ಳುವ ಆ ಸೀಸೆ ರಕ್ತದೊತ್ತಡದ ಮಾತ್ರೆಯ ಮರುಹುಟ್ಟು ಎಂದು ಎಷ್ಟು ಜನರಿಗೆ ಗೊತ್ತೋ.

ಹಾಗಾದರೆ ಎಟಿಪಿ ಕಾಲುವೆ ತೆರೆಯುವ ಹೊಸ ಔಷಧಗಳನ್ನು ಮಾಡೋಣವೆಂದು 1980ರ ದಶಕದಲ್ಲಿ ಕಂಪನಿಗಳು ಮುಗಿಬಿದ್ದವು. ಕ್ರೊಮಾಕಲಿಮ್ ಅವುಗಳಲ್ಲಿ ಪ್ರಸಿದ್ಧವಾದುದು. ರಕ್ತದೊತ್ತಡ, ಆಸ್ತಮಾ ಎರಡಕ್ಕೂ ಅದು ಒದಗೀತೆಂಬ ಆಸೆಯಿತ್ತು. ಆದರೆ ಒಂದೂರಿನ ತೂಬು ಎತ್ತಲು ಹೋಗಿ ಸೀಮೆಯ ತೂಬುಗಳನ್ನೆಲ್ಲ ಎತ್ತಿದಂತಾಯಿತು. ನಾಳಗಳೆಲ್ಲ ಹಿಗ್ಗಿ ತಲೆನೋವು, ಎದೆಬಡಿತ. ಔಷಧ ಬೀರು ಸೇರಿತು. ಹೃದಯದ ಎದೆನೋವಿಗೆ ಕೊಡುವ, ಜಪಾನಿನಲ್ಲಿ ರೂಪುಗೊಂಡ ನಿಕೊರಾಂಡಿಲ್ ಮಾತ್ರ ಭಾರತವೂ ಸೇರಿ ಹಲವೆಡೆ ಬಳಕೆಯಲ್ಲಿ ಉಳಿದಿದೆ.

ಅರ್ಥಶಾಸ್ತ್ರಜ್ಞರು ಇದನ್ನು ಮುಳುಗಿದ ಬಂಡವಾಳ ಎನ್ನುತ್ತಾರೆ. ಆದರೆ ಬೀರು ಸೇರಿದ ಔಷಧ 2019ರಲ್ಲಿ ಮತ್ತೆ ಹೊರಬಂತು. ಡೆನ್ಮಾರ್ಕಿನ ಸಂಶೋಧಕರು ಕ್ರೊಮಾಕಲಿಮ್‌ನ ಸೋದರ ಪದಾರ್ಥವನ್ನು 16 ಮಂದಿ ಮೈಗ್ರೇನ್ ರೋಗಿಗಳಿಗೆ, ಅವರ ಒಪ್ಪಿಗೆ ಪಡೆದು, ಕೊಟ್ಟು ನೋಡಿದರು. ಹದಿನಾರೂ ಮಂದಿಗೆ ಮೈಗ್ರೇನ್ ಬಂತು. ಔಷಧವನ್ನು ಸೋಲಿಸಿದ ತಲೆನೋವೇ ಈಗ ಮೈಗ್ರೇನ್ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಸುಳಿವು. ಮೈತುಂಬ ಕೂದಲು, ಹಿಗ್ಗಿದ ಹೃದಯದೊಂದಿಗೆ ಹುಟ್ಟುವ ಕಾಂಟು ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆಗೆ ಇದೇ ಎಟಿಪಿ ಕಾಲುವೆ ಅತಿಯಾಗಿ ತೆರೆದಿರುವುದು ಕಾರಣವೆಂದು 2012ರಲ್ಲಿ ತಿಳಿಯಿತು. ಮಿನಾಕ್ಸಿಡಿಲ್ ನುಂಗಿದವರ ಅಡ್ಡಪರಿಣಾಮಗಳನ್ನು ನೆನೆದರೆ ಸಾಮ್ಯ ತಾನಾಗಿ ಹೊಳೆಯುತ್ತದೆ. ಕಾಲುವೆಯನ್ನು ಮುಚ್ಚುವ ಔಷಧವೂ ಹೊಸದೇನಲ್ಲ: ನಮ್ಮ ಮಧುಮೇಹಿಗಳು ದಶಕಗಳಿಂದ ನುಂಗಿದ ಗ್ಲಿಬೆನ್‌ಕ್ಲಮೈಡ್. ಕಾಂಟು ರೋಗಕ್ಕೆ ಅದನ್ನು ಪ್ರಯೋಗಿಸಿ ನೋಡುವ ಕೆಲಸ ಆರಂಭವಾಗಿದೆ.

ಈಗ ನನ್ನ ಕಡತಕ್ಕೆ ಬರುತ್ತೇನೆ. 1998ರಲ್ಲಿ ಸಂಶೋಧನಾ ಅನುದಾನದ ಅರ್ಜಿಗಳನ್ನು ಪರಿಶೀಲಿಸುವ ಒಂದು ಸಮಿತಿಯಲ್ಲಿ ಹಣಕಾಸಿನ ಕಡೆಯ ಪ್ರತಿನಿಧಿಯಾಗಿ ಕೂರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ವೈದ್ಯಕೀಯ ಕಾಲೇಜೊಂದರ ಶರೀರಕ್ರಿಯಾಶಾಸ್ತ್ರ ವಿಭಾಗದ ಯುವ ಅಧ್ಯಾಪಕಿಯೊಬ್ಬರು ಮೂರು ವರ್ಷಕ್ಕೆ ನಾಲ್ಕು ಲಕ್ಷ ಅರವತ್ತು ಸಾವಿರ ರೂಪಾಯಿ ಕೇಳಿದ್ದರು. ಕಸಾಯಿಖಾನೆಯಿಂದ ತಂದ ಕುರಿಯ ಅಪಧಮನಿಯನ್ನು ಉಂಗುರಗಳಾಗಿ ಕತ್ತರಿಸಿ, ಬೆಚ್ಚನೆಯ ಲವಣದ್ರಾವಣದಲ್ಲಿ ಜೀವಂತವಾಗಿಟ್ಟು, ಕೆಂಪು ಚೇಳಿನ ನಂಜಿಗೆ ಅದು ಎಷ್ಟು ಬಿಗಿಯುತ್ತದೆ, ಆ ಬಿಗಿತದಲ್ಲಿ ಬಿಕೆ ಕಾಲುವೆಯ ಪಾಲೆಷ್ಟು ಎಂದು ಅಳೆಯುವುದು ಅವರ ಉದ್ದೇಶ. ಹೋಲಿಕೆಗಾಗಿ ಮೈಕ್ರೊಗ್ರಾಂ ಲೆಕ್ಕದಲ್ಲಿ ಇಬೇರಿಯೊಟಾಕ್ಸಿನ್ ತರಿಸಬೇಕೆಂದು ಅರ್ಜಿಯಲ್ಲಿತ್ತು. ರಾಸಾಯನಿಕಗಳ ಪಟ್ಟಿಯಲ್ಲಿ ಅದೇ ದೊಡ್ಡ ಬಾಬ್ತು.

ಸಮಿತಿಯ ಸದಸ್ಯರೊಬ್ಬರು ಆ ಪುಟ ತಿರುವಿ, “ನಮ್ಮ ಹೊಲದ ಚೇಳಿನ ವಿಷಾನ ಅಮೆರಿಕದಿಂದ ತರಿಸ್ಕೋಬೇಕಾ?” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಧ್ಯಾಪಕಿ ನಗಲಿಲ್ಲ. “ಹೌದು ಸರ್, ಅದಕ್ಕೇ ಈ ಅರ್ಜಿ” ಎಂದಷ್ಟೇ ಹೇಳಿದರು. ಆ ಉತ್ತರ ನನಗೆ ಅಂದು ಅರ್ಥವಾಗಲಿಲ್ಲ. ಅವರು ಹೊರಹೋದ ಮೇಲೆ ಟಿಪ್ಪಣಿ ಹಾಳೆಯಲ್ಲಿ ನಾನು ಬರೆದ ವಾಕ್ಯ ಮಾತ್ರ ಇಂದಿಗೂ ನೆನಪಿದೆ: “ಯೋಜನೆಯಿಂದ ರಾಜ್ಯಕ್ಕೆ ಆಗಬಹುದಾದ ನೇರ ಪ್ರಯೋಜನ ಸ್ಪಷ್ಟವಾಗಿರುವುದಿಲ್ಲ. ಪ್ರಸ್ತಾವವನ್ನು ಪರಿಗಣಿಸಲು ಅವಕಾಶವಿರುವುದಿಲ್ಲ.” ಹನ್ನೆರಡು ವರ್ಷಗಳ ಹಿಂದೆ ಚೇಳು ಕುಟುಕಿದ ಹುಡುಗನೊಂದಿಗೆ ಜೀಪಿನಲ್ಲಿ ಕುಳಿತಿದ್ದವನೇ ಇದನ್ನು ಬರೆದವನು. ಆ ಎರಡೂ ಒಂದೇ ಚೇಳಿನ ಸಂಗತಿ ಎಂಬುದು ಆ ಮಧ್ಯಾಹ್ನ ಒಮ್ಮೆಯೂ ತಲೆಗೆ ಬರಲಿಲ್ಲ.

ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ ನಾನು ರಿಚರ್ಡ್ ನೆಲ್ಸನ್ 1959ರಲ್ಲಿ, ಕೆನೆತ್ ಆರೋ 1962ರಲ್ಲಿ ಬರೆದ ಪ್ರಸಿದ್ಧ ಪ್ರಬಂಧಗಳನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಮೂಲ ಸಂಶೋಧನೆಯ ಫಲ ಯಾರಿಗೆ, ಯಾವಾಗ, ಯಾವ ರೂಪದಲ್ಲಿ ದೊರೆಯುವುದೆಂದು ಮುಂಚಿತವಾಗಿ ಹೇಳಲಾಗದು. ದೊರೆತ ಫಲವನ್ನು ಒಬ್ಬನೇ ಕಟ್ಟಿಟ್ಟುಕೊಳ್ಳಲೂ ಆಗದು. ಆದ್ದರಿಂದ ಮಾರುಕಟ್ಟೆ ಇದಕ್ಕೆ ಸಮಾಜಕ್ಕೆ ಬೇಕಾದಷ್ಟು ಹಣ ಹೂಡುವುದಿಲ್ಲ, ಸರ್ಕಾರ ಹೂಡಬೇಕು ಎಂಬುದು ಅವರ ವಾದದ ತಿರುಳು. ಅದೇ ಸರ್ಕಾರದ ಪರವಾಗಿ ಕುಳಿತ ನಾನು ‘ನೇರ ಪ್ರಯೋಜನ’ ಕೇಳಿದ್ದು ಅಂಗಡಿಕಾರನ ಪ್ರಶ್ನೆ. ವಾದದ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಇಬೇರಿಯೊಟಾಕ್ಸಿನ್ ಕಂಡುಹಿಡಿದದ್ದು ಖಾಸಗಿ ಕಂಪನಿಯೇ. ಆದರೆ ಆ ಪ್ರೊಟೀನ್ ಅವರಿಗೊಂದು ಮಾತ್ರೆಯಾಗಿ ಒದಗಲಿಲ್ಲ; ಪ್ರಕಟಿಸಿದ ತಿಳಿವಳಿಕೆ ಜಗತ್ತಿನ ಪ್ರಯೋಗಾಲಯಗಳಿಗೆಲ್ಲ ಸೇರಿತು. ಆರೋ ಹೇಳಿದ್ದಕ್ಕೆ ಇದು ವಿರೋಧವಲ್ಲ, ಉದಾಹರಣೆ.

ನಮ್ಮ ಚೇಳನ್ನು ಹೊರದೇಶದವರು ಕೊಳ್ಳೆ ಹೊಡೆದರೆಂದು ಕೂಗುವವರೂ ಇದ್ದಾರು. ಜೀವವೈವಿಧ್ಯ ಕುರಿತ ಅಂತರರಾಷ್ಟ್ರೀಯ ಒಪ್ಪಂದ ರೂಪುಗೊಂಡದ್ದು 1992ರಲ್ಲಿ, ನಮ್ಮ ಕಾಯ್ದೆ ಬಂದದ್ದು 2002ರಲ್ಲಿ. 1990ರ ಶೋಧ ಎರಡಕ್ಕೂ ಮೊದಲಿನದು. ಕಾನೂನಿನ ಮಾತು ಬಿಡೋಣ. ಚೇಳು ನಮ್ಮದಾಗಿತ್ತು, ರೋಗಿಗಳು ನಮ್ಮವರಾಗಿದ್ದರು, ಚಿಕಿತ್ಸೆ ಕಂಡುಕೊಂಡ ವೈದ್ಯರೂ ನಮ್ಮವರೇ. ನಂಜಿನೊಳಗೆ ಏನಿದೆ ಎಂದು ಕೇಳಿದವರಿಗೆ ಮಾತ್ರ ನಮ್ಮಲ್ಲಿ ದುಡ್ಡು ಕೊಡಲಿಲ್ಲ.

ಯಾರಿಗೂ ಕೊಡಲಿಲ್ಲವೆಂದರೆ ತಪ್ಪಾದೀತು. ಹಣ್ಣುನೊಣಗಳನ್ನು ಈಥರ್‌ನಿಂದ ಮೂರ್ಛೆಗೊಳಿಸಿದಾಗ ಕೆಲವು ಕಾಲು ನಡುಗಿಸುತ್ತವೆ ಎಂಬ ವಿಚಿತ್ರ ಅವಲೋಕನದಿಂದಲೇ ಮೊದಲ ಪೊಟ್ಯಾಸಿಯಂ ಕಾಲುವೆಯ ವಂಶವಾಹಿ 1980ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಕೈಗೆ ಸಿಕ್ಕಿದ್ದು. ಅಂಥದೇ ನೊಣಗಳ ಮೇಲೆ ಅದಕ್ಕೂ ಮುಂಚೆ ಕೆಲಸ ಮಾಡಿದ ಒಬೈದ್ ಸಿದ್ದಿಕಿ, 1976ರಲ್ಲೇ ಸೈಮರ್ ಬೆನ್ಜರ್ ಜೊತೆಗೂಡಿ, ಬಿಸಿಯೇರಿದರೆ ಪಾರ್ಶ್ವವಾಯು ಬಡಿದಂತೆ ಬೀಳುವ ನೊಣಗಳ ಬಗ್ಗೆ ಬರೆದಿದ್ದರು. ಮುಂದೆ ಅವರೇ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಲರಾಂ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೆ.ಎಸ್. ಕೃಷ್ಣನ್ ನಮ್ಮ ಕಡಲತೀರದ ಶಂಕುಹುಳಗಳ ನಂಜಿನ ಪ್ರೊಟೀನುಗಳನ್ನು ಅಧ್ಯಯನ ಮಾಡಿದ್ದಾರೆ. ಕೇಂದ್ರ ಸರ್ಕಾರದ ಹಣ ಮತ್ತು ಹೆಸರಾಂತ ಸಂಸ್ಥೆಯ ನೆರಳು ಇದ್ದಲ್ಲಿ ಕೆಲಸ ನಡೆದಿದೆ. ನೆರಳಿಲ್ಲದ ಕಡೆ, ಜಿಲ್ಲಾ ಕೇಂದ್ರದ ವೈದ್ಯಕೀಯ ಕಾಲೇಜುಗಳಲ್ಲಿ, ನನ್ನಂಥವರ ಟಿಪ್ಪಣಿ ಕೆಲಸ ಮಾಡಿದೆ.

ದೇಶದ ಒಟ್ಟು ಉತ್ಪನ್ನದಲ್ಲಿ ಸಂಶೋಧನೆಗೆ ವೆಚ್ಚವಾಗುವ ಪಾಲು 2020–21ರಲ್ಲಿ ಶೇ 0.64. ಸಂಸತ್ತು 2023ರಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆಯನ್ನು ಅಂಗೀಕರಿಸಿತು. ಐದು ವರ್ಷಗಳಿಗೆ 50,000 ಕೋಟಿ ರೂಪಾಯಿಯ ಅಂದಾಜು. ಅದರ ದೊಡ್ಡ ಪಾಲು ಖಾಸಗಿ ವಲಯದಿಂದ ಬರುವುದೆಂಬ ಲೆಕ್ಕಾಚಾರ. ಆರೋ ಅವರನ್ನು ಓದಿದ ಯಾರಿಗೂ ಈ ಲೆಕ್ಕಾಚಾರ ಸಲೀಸಾಗಿ ಗಂಟಲಲ್ಲಿ ಇಳಿಯದು. ಬಂದರೂ ಆ ಹಣ ಬರುವುದು ಉತ್ತರ ಅರ್ಧ ಗೊತ್ತಿರುವ ಪ್ರಶ್ನೆಗಳಿಗೆ. ಇತ್ತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನೆರವಿನ, 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವಿದೆ. ಅಂದರೆ ಮೂವರಲ್ಲಿ ಒಬ್ಬರ ನಾಳದ ನಯ ಸ್ನಾಯುವಿನಲ್ಲಿ ಏನೋ ಏರುಪೇರು. ಅದನ್ನು ತಿಳಿಯುವ ಕೆಲಸ ಹೊರದೇಶದವರದ್ದು, ಮಾತ್ರೆ ನುಂಗುವ ಕೆಲಸ ನಮ್ಮದು ಎಂದು ನಾವು ಒಪ್ಪಿಕೊಂಡಂತಿದೆ.

ಆ ಅಧ್ಯಾಪಕಿಯನ್ನು ಕೆಲವು ವರ್ಷಗಳ ಹಿಂದೆ ಮದುವೆಯೊಂದರಲ್ಲಿ ಕಂಡೆ. ನಾನೇ ಹೋಗಿ ಪರಿಚಯ ಹೇಳಿಕೊಂಡು, ಹಳೆಯ ಕಡತದ ವಿಷಯ ಎತ್ತಿದೆ. ಅವರಿಗೆ ಕಡತದ ಸಂಖ್ಯೆ ಸಹ ನೆನಪಿತ್ತು. “ನೀವು ಬರೆದದ್ದರಲ್ಲಿ ತಪ್ಪೇನಿಲ್ಲ ಸರ್, ಪ್ರಯೋಜನ ನನಗೂ ಸ್ಪಷ್ಟ ಇರಲಿಲ್ಲ” ಎಂದು ನಕ್ಕರು. ಆಮೇಲೆ ಆ ವಿಷಯಕ್ಕೆ ಮರಳಲಿಲ್ಲವೆಂದೂ, ಪಾಠ ಮಾಡುವುದರಲ್ಲೇ ವರ್ಷಗಳು ಕಳೆದವೆಂದೂ ಹೇಳಿದರು. ಅಂಗಾಂಶವನ್ನು ಜೀವಂತವಾಗಿಡುವ ಗಾಜಿನ ಪಾತ್ರೆಗಳು ವಿಭಾಗದಲ್ಲಿ ಇನ್ನೂ ಇವೆಯಂತೆ. ಪದವಿ ತರಗತಿಗಳಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗ ಕೈಬಿಟ್ಟ ಮೇಲೆ ಅವನ್ನು ಯಾರೂ ಮುಟ್ಟಿಲ್ಲ. ಆದರೆ ಕಸಾಯಿಖಾನೆಯ ಕುರಿಯ ನಾಳಕ್ಕೆ ಪ್ರಯೋಗಕ್ಕೆಂದು ಯಾವ ಪ್ರಾಣಿಯನ್ನೂ ಕೊಲ್ಲಬೇಕಿಲ್ಲ ಎಂದರು.

ನಮ್ಮ ರಾಜ್ಯದ ಬಹುತೇಕ ಜಿಲ್ಲೆಗಳಲ್ಲಿ ಇಂದು ವೈದ್ಯಕೀಯ ಕಾಲೇಜುಗಳಿವೆ. ಪ್ರತಿಯೊಂದರಲ್ಲೂ ಶರೀರಕ್ರಿಯಾಶಾಸ್ತ್ರದ, ಔಷಧಶಾಸ್ತ್ರದ ವಿಭಾಗಗಳಿವೆ. ಕೆಂಪು ಚೇಳು ಕುಟುಕಿದ ರೋಗಿಗಳು ಬರುವುದೂ ಅವೇ ಆಸ್ಪತ್ರೆಗಳಿಗೆ. ಮುಂಬೈಯ ಹಾಫ್‌ಕಿನ್ ಸಂಸ್ಥೆಯ ಪ್ರತಿವಿಷವನ್ನು ಪ್ರಾಜೋಸಿನ್ ಜೊತೆಗೆ ಕೊಟ್ಟರೆ ರೋಗಿ ಬೇಗ ಚೇತರಿಸಿಕೊಳ್ಳುತ್ತಾನೆ ಎಂದು ಬಾವಸ್ಕರ್ ದಂಪತಿ 2011ರಲ್ಲಿ ತೋರಿಸಿದ್ದೂ ಮಹಾಡ್‌ನಂಥ ಊರಿನಲ್ಲೇ. ರಾಜ್ಯ ಸರ್ಕಾರ ಈ ಕಾಲೇಜುಗಳಿಗೆಂದು ಸಣ್ಣ ಮೊತ್ತಗಳ ಒಂದು ನಿಧಿಯನ್ನು ಬೇರೆಯಾಗಿಯೇ ಇಡಬಹುದು. ಅರ್ಜಿಯನ್ನು ವಿಷಯ ಬಲ್ಲ ಇಬ್ಬರು ವಿಜ್ಞಾನಿಗಳು ಓದಲಿ, ಪ್ರಶ್ನೆ ಸರಿಯಾಗಿದೆಯೇ ಎಂದಷ್ಟೇ ಹೇಳಲಿ. ಹಣಕಾಸಿನ ಪ್ರತಿನಿಧಿ ಲೆಕ್ಕ ಸರಿಯಿದೆಯೇ ಎಂದು ನೋಡಲಿ. ಅದು ಅವನ ಕೆಲಸ. ಅರ್ಜಿ ನಮೂನೆಯಿಂದ ‘ರಾಜ್ಯಕ್ಕೆ ಆಗುವ ನೇರ ಪ್ರಯೋಜನ’ ಎಂಬ ಕಾಲಂ ಅನ್ನು ತೆಗೆದುಹಾಕಲು ಸಂಪುಟದ ಒಪ್ಪಿಗೆ ಬೇಕಿಲ್ಲ. ಇಲಾಖೆಯ ಕಾರ್ಯದರ್ಶಿಯ ಒಂದು ಸುತ್ತೋಲೆ ಸಾಕು.